ರಾತ್ರಿಯೂಟದಲ್ಲಿ ನಾನು ರೂಢಿಸಿಕೊಂಡ ಕ್ರಮ

ಮೂರು ಹೊತ್ತೂ ಧ್ಯಾನದಂತೆ ಉಣ್ಣಬೇಕೆಂಬ ಹಠ ನನಗಿಲ್ಲ. ಬೆಳಗಿನ ತಿಂಡಿ ಕಚೇರಿಯ ಅವಸರದಲ್ಲಿ ಮುಗಿಯುತ್ತದೆ, ಮಧ್ಯಾಹ್ನದ ಡಬ್ಬಿ ಸಹೋದ್ಯೋಗಿಗಳ ಮಾತಿನ ನಡುವೆ ಖಾಲಿಯಾಗುತ್ತದೆ. ಆದ್ದರಿಂದ ರಾತ್ರಿಯ ಊಟವೊಂದನ್ನೇ ಗಮನವಿಟ್ಟು ಉಣ್ಣುವ ಈ ಅಭ್ಯಾಸಕ್ಕೆ ಮೀಸಲಿಟ್ಟಿದ್ದೇನೆ. ಎಲೆಯ ಸುತ್ತ ಮಂತ್ರ ಹೇಳಿ ನೀರು ಸುತ್ತುವ ಪರಿಷೇಚನೆ ಮಾಡಿ, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ಪ್ರಾಣವಾಯುಗಳಿಗೆ ಆಹುತಿಯಿತ್ತು ಉಣ್ಣುವ ಮನೆತನ ನಮ್ಮದಲ್ಲ. ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು ಊಟಕ್ಕೆ ಕೈಹಾಕುವುದಷ್ಟೇ ನಮ್ಮ ಹಿರಿಯರ ಪದ್ಧತಿ. ನಾನೂ ಅಷ್ಟನ್ನೇ ಉಳಿಸಿಕೊಂಡಿದ್ದೇನೆ.

ಉಣ್ಣುವಾಗ ಗಮನವಿಡು ಎಂದು ಮನಸ್ಸಿಗೆ ಹೇಳುವುದಕ್ಕಿಂತ, ಗಮನ ಚದುರಿಸುವುದನ್ನೆಲ್ಲ ಮೊದಲೇ ದೂರವಿಡುವುದು ಸುಲಭ. ಫೋನನ್ನು ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿ, ಟಿವಿ ಆರಿಸಿ, ಮುದ್ದೆ, ಸಾರು, ಉಪ್ಪು, ನೀರು, ಮಜ್ಜಿಗೆಗಳನ್ನು ಕೈಗೆಟಕುವಂತೆ ಇಟ್ಟುಕೊಂಡ ಮೇಲೆಯೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ.

ಪ್ರತಿ ತುತ್ತನ್ನೂ 32 ಸಲ ಅಗಿಯಬೇಕೆಂಬ ಜನಪ್ರಿಯ ಉಪದೇಶ ರಾಗಿಮುದ್ದೆಯ ಮುಂದೆ ನಡೆಯುವುದಿಲ್ಲ. ಮುದ್ದೆಯನ್ನು ನುಂಗಬೇಕು, ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ನನ್ನ ಗಮನವೆಲ್ಲ ಬೆರಳ ತುದಿಯಲ್ಲಿರುತ್ತದೆ: ಬಿಸಿ ಮುದ್ದೆಯ ಅಂಚಿನಿಂದ ಚೂರು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಡುವಾಗ, ಉಂಡೆ ದೊಡ್ಡದಾದರೆ ಗಂಟಲು ಹಿಡಿಯುತ್ತದೆ, ತೀರಾ ಚಿಕ್ಕದಾದರೆ ಬರೀ ಸಾರು ಕುಡಿದಂತಾಗುತ್ತದೆ. ಅಗಿಯುವ ಕೆಲಸವನ್ನು ಪಲ್ಯಕ್ಕೆ ಬಿಡುತ್ತೇನೆ. ಬಸ್ಸಾರಿನ ದಿನ ಸೊಪ್ಪುಕಾಳು ಬೇಯಿಸಿದ ನೀರು, ಅಂದರೆ ಕಟ್ಟು, ಸಾರಿಗೆ ಹೋಗಿ, ಬಸಿದ ಸೊಪ್ಪುಕಾಳು ಒಗ್ಗರಣೆ ಬಿದ್ದು ಪಲ್ಯವಾಗುವುದರಿಂದ, ಅವರೆಕಾಳಿನ ಸಿಪ್ಪೆ, ಸಬ್ಬಸಿಗೆಯ ಘಮ, ತೆಂಗಿನತುರಿಯ ಸಿಹಿಗಳನ್ನು ಒಂದೊಂದಾಗಿ ಗುರುತಿಸಲು ಅದಕ್ಕಿಂತ ಒಳ್ಳೆಯ ಅಡುಗೆಯಿಲ್ಲ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಹಿಡಿಯುತ್ತದೆ ಎನ್ನುತ್ತಾರೆ. ಆಯುರ್ವೇದವೂ ಹೊಟ್ಟೆಯ ಎರಡು ಪಾಲನ್ನು ಘನಾಹಾರಕ್ಕೆ, ಒಂದನ್ನು ದ್ರವಕ್ಕೆ ಕೊಟ್ಟು, ನಾಲ್ಕನೆಯದನ್ನು ಖಾಲಿ ಬಿಡಲು ಹೇಳುತ್ತದೆ. ಆದ್ದರಿಂದ ಮುದ್ದೆ ಮುಗಿದ ಕೂಡಲೇ ಅನ್ನ ಬಡಿಸಿಕೊಳ್ಳದೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಎಷ್ಟೋ ದಿನ ಎರಡು ತುತ್ತು ಮಜ್ಜಿಗೆಯನ್ನವೇ ಸಾಕಾಗುತ್ತದೆ.

ಮನೆಯವರ ಮೇಲೆ ಮೌನ ಹೇರುವುದಿಲ್ಲ. ಮುದ್ದೆ ಮುಗಿಯುವ ತನಕ ನಾನು ಮಾತ್ರ ಮಾತಾಡುವುದಿಲ್ಲ, ಮಗಳು ಶಾಲೆಯ ಸುದ್ದಿ ಹೇಳಿದರೆ ತಲೆಯಾಡಿಸುತ್ತೇನೆ, ಅನ್ನದ ಹೊತ್ತಿಗೆ ಮಾತಿಗೆ ಸೇರುತ್ತೇನೆ. ನೆಂಟರು ಬಂದ ದಿನ ಈ ನಿಯಮಕ್ಕೂ ರಜೆ. ಬಂದವರೆದುರು ಬಾಯಿ ಬಿಡದೆ ಉಂಡರೆ ಅವರು ಅದನ್ನು ಮುನಿಸೆಂದೇ ತಿಳಿಯುತ್ತಾರೆ.