ಚಿಕ್ಕದಾದರೂ ಚುರುಕಾದ ಉರಿ: ಆಫ್‌ಸೆಟ್ ಸ್ಮೋಕರ್‌ನಲ್ಲಿ ನನ್ನ ಅನುಭವ

ನನ್ನ ಆಫ್‌ಸೆಟ್ ಸ್ಮೋಕರ್ ಎಂದರೆ ಮಾಂಸವನ್ನು ಸೌದೆಯ ಶಾಖ, ಹೊಗೆಗಳಲ್ಲಿ ನಿಧಾನವಾಗಿ ಬೇಯಿಸುವ ಒಲೆ: ಬೆಂಕಿ ಉರಿಯುವ ಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್, ಒಂದು ಪಕ್ಕದಲ್ಲಿ, ಹೊಗೆ ಹೊರಹೋಗುವ ಚಿಮಣಿ ಇನ್ನೊಂದು ತುದಿಯಲ್ಲಿ, ಮಾಂಸ ನಡುವಿನ ಗೂಡಿನಲ್ಲಿ. ಅದನ್ನು ಬಳಸತೊಡಗಿದ ಮೊದಲ ವರ್ಷ ನಾನು ಶಾಖವನ್ನು ಫೈರ್‌ಬಾಕ್ಸ್‌ನ ಗಾಳಿಕಿಂಡಿಯಿಂದಲೇ ಹತೋಟಿಯಲ್ಲಿಡಲು ನೋಡುತ್ತಿದ್ದೆ. ಫೈರ್‌ಬಾಕ್ಸ್‌ಗೆ ನಾಲ್ಕೈದು ದಪ್ಪ ಸೌದೆಗಳನ್ನು ಒಟ್ಟಿಗೆ ತುಂಬಿ, ಶಾಖ ಏರತೊಡಗಿದೊಡನೆ ಕಿಂಡಿಯನ್ನು ಮುಕ್ಕಾಲು ಮುಚ್ಚಿಬಿಡುತ್ತಿದ್ದೆ; ಥರ್ಮಾಮೀಟರಿನ ಮುಳ್ಳು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡದೆ ನಿಂತರೆ ಕೆಲಸ ಕೈಗೆ ಹತ್ತಿತು ಎಂದು ಸಮಾಧಾನಪಡುತ್ತಿದ್ದೆ. ಆದರೆ ಹತ್ತು ಗಂಟೆ ಬೆಂದ ಮಾಂಸದ ತುಂಡನ್ನು ಬಾಯಿಗಿಟ್ಟಾಗ ಮೊದಲು ಬಂದದ್ದು ಕಹಿ, ಅದರ ಹಿಂದೆಯೇ ನಾಲಿಗೆ ಜುಮ್ಮೆನ್ನುವ ಒಗರು. ಮುಚ್ಚಳದ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದರೆ ಡಾಂಬರಿನಂತಹ ಕರಿ ಅಂಟು ಬೆರಳಿಗೆ ಹತ್ತಿತು, ಸೋಪು ಹಾಕಿ ತಿಕ್ಕಿದರೂ ಸುಲಭವಾಗಿ ಬಿಡಲಿಲ್ಲ. ಅದೇ ಅಂಟು ಮಾಂಸದ ಮೇಲೂ ಕೂತಿತ್ತು.

ಮುಳ್ಳು ನಿಂತಲ್ಲೇ ನಿಂತಿತ್ತು, ತಪ್ಪಿದ್ದದ್ದು ಉರಿ. ಸೌದೆ ಕಾದಾಗ ಅದರೊಳಗಿನಿಂದ ಅನಿಲಗಳು ಹೊರಡುತ್ತವೆ, ನಾವು ಕಾಣುವ ಜ್ವಾಲೆ ಬಹುಮಟ್ಟಿಗೆ ಆ ಅನಿಲಗಳು ಉರಿಯುವ ಜ್ವಾಲೆಯೇ. ಸಾಕಷ್ಟು ಗಾಳಿ ಸಿಗದಿದ್ದರೆ ಅವು ಪೂರ್ತಿ ಉರಿಯದೆ ದಟ್ಟ ಬಿಳಿ ಹೊಗೆಯಾಗಿ ಹೊರಟು, ಹೋಗುವ ದಾರಿಯಲ್ಲಿ ಸಿಕ್ಕ ತಣ್ಣನೆಯ ಮೈಯ ಮೇಲೆಲ್ಲ ಕ್ರಿಯೋಸೋಟ್ ಎಂಬ ಆ ಕರಿ ಅಂಟಾಗಿ ಕೂರುತ್ತವೆ. ಸ್ಮೋಕರ್‌ನೊಳಗೆ ಅತಿ ತಣ್ಣಗಿರುವ ವಸ್ತು ಮಾಂಸವೇ ಅಲ್ಲವೇ? ಚೆನ್ನಾಗಿ ಉರಿಯುವ ಬೆಂಕಿಯ ಹೊಗೆ ತೆಳ್ಳಗೆ, ಕಂಡೂ ಕಾಣದಂತೆ, ತುಸು ನೀಲಿಯಾಗಿ ಹೋಗುತ್ತದೆ. ನಾವು ಬಯಸುವ ಕಂಪು, ಅಂದರೆ ಸೌದೆಯ ನಾರುಗಳನ್ನು ಬಿಗಿಹಿಡಿದಿರುವ ಲಿಗ್ನಿನ್‌ನಿಂದ ಹುಟ್ಟುವ ಗ್ವಾಯಕಾಲ್‌ನಂತಹ ಪದಾರ್ಥಗಳ ಪರಿಮಳ, ಆ ತೆಳು ಹೊಗೆಯಲ್ಲೇ ಬೇಕಾದಷ್ಟು ಇರುತ್ತದೆ. ಹೊಗೆ ಹೆಚ್ಚಿದ್ದಷ್ಟೂ ರುಚಿ ಹೆಚ್ಚು ಎಂಬ ನಂಬಿಕೆಯನ್ನು ನಾನು ಅಂದೇ ಬಿಟ್ಟೆ.

ಅಲ್ಲಿಂದ ನನ್ನ ಕ್ರಮ ತಲೆಕೆಳಗಾಯಿತು. ಚಿಮಣಿಯನ್ನು ಪೂರ್ತಿ ತೆರೆದಿಡುತ್ತೇನೆ, ಅಡುಗೆ ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲ. ಬಿಸಿಗಾಳಿ ಚಿಮಣಿಯಲ್ಲಿ ಮೇಲೇರುವ ಸೆಳೆತವೇ ಫೈರ್‌ಬಾಕ್ಸ್‌ಗೆ ಹೊಸ ಗಾಳಿಯನ್ನು ಎಳೆದು ತರುತ್ತದೆಯಾದ್ದರಿಂದ, ಮೇಲೆ ಮುಚ್ಚಿದರೆ ಕೆಳಗೂ ಮುಚ್ಚಿದಂತೆಯೇ. ಗಾಳಿಕಿಂಡಿಯನ್ನೂ ಧಾರಾಳವಾಗಿ ತೆರೆದಿಟ್ಟು, ಅಗತ್ಯ ಬಿದ್ದರೆ ಫೈರ್‌ಬಾಕ್ಸ್‌ನ ಬಾಗಿಲನ್ನು ಎರಡು ಬೆರಳಷ್ಟು ಓರೆ ಮಾಡುತ್ತೇನೆ. ಹಾಗಾದರೆ ಶಾಖವನ್ನು ಯಾವುದರಿಂದ ಹಿಡಿಯುವುದು? ಸೌದೆಯ ಗಾತ್ರದಿಂದ ಮತ್ತು ಅದನ್ನು ಹಾಕುವ ಹೊತ್ತಿನಿಂದ. ಉರಿ ಜೋರಾಯಿತೆಂದರೆ ಗಾಳಿ ಹೆಚ್ಚಾಗಿದೆ ಎಂದಲ್ಲ, ಸೌದೆ ಹೆಚ್ಚಾಗಿದೆ ಎಂದು ಓದಿಕೊಳ್ಳಬೇಕು, ಮುಂದಿನ ಸೀಳನ್ನು ತೆಳ್ಳಗೆ ಮಾಡಬೇಕು ಅಥವಾ ತಡವಾಗಿ ಹಾಕಬೇಕು.

ಆದ್ದರಿಂದಲೇ ಸೌದೆಯ ವಿಷಯದಲ್ಲಿ ನಾನು ಹಟಮಾರಿ. ತೇವಾಂಶ 15ರಿಂದ 20 ಪ್ರತಿಶತದೊಳಗಿರುವ, ಚೆನ್ನಾಗಿ ಒಣಗಿದ ಗಟ್ಟಿಮರದ ಸೌದೆ ಬೇಕು. ಮೀಟರ್ ಇಲ್ಲದಿದ್ದರೂ ಕಿವಿಯೇ ಹೇಳುತ್ತದೆ: ಒಣಗಿದ ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಟಣ್ಣೆಂದು ಸದ್ದಾಗುತ್ತದೆ, ಹಸಿಯಾಗಿದ್ದರೆ ದಪ್ಪೆನ್ನುತ್ತದೆ. ಹಸಿ ಸೌದೆಯಲ್ಲಿ ಬೆಂಕಿಯ ಶಕ್ತಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಇದೇ ಕಾರಣಕ್ಕೆ ಸೌದೆಯನ್ನು ನೀರಿನಲ್ಲಿ ನೆನೆಸಿ ಹಾಕಬೇಕೆಂಬ ಸಲಹೆಯನ್ನು ಈ ಸ್ಮೋಕರ್‌ನ ಮಟ್ಟಿಗೆ ನಾನು ಒಪ್ಪುವುದಿಲ್ಲ. ರಾಳದ ಮರಗಳು, ಬಣ್ಣ ಬಳಿದ ಅಥವಾ ರಾಸಾಯನಿಕ ಹಚ್ಚಿದ ಮರದ ತುಂಡುಗಳು ಫೈರ್‌ಬಾಕ್ಸ್‌ನ ಹತ್ತಿರವೂ ಸುಳಿಯಬಾರದು. 6 ಮಿಲಿಮೀಟರ್ ದಪ್ಪದ ಉಕ್ಕಿನ ನನ್ನ ಸ್ಮೋಕರ್‌ಗೆ 35 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ದಪ್ಪದ ಸೀಳು ಹೊಂದಿಕೊಂಡಿದೆ. ಹಿಂದಿನ ದಿನವೇ ಅವನ್ನು ಸೀಳಿ ಮೂರು ಗುಂಪು ಮಾಡಿಡುತ್ತೇನೆ: ಈ ಅಳತೆಯವು, ಇದರ ಅರ್ಧ ದಪ್ಪದವು, ಹೆಬ್ಬೆರಳು ಗಾತ್ರದ ಚಕ್ಕೆಗಳು.

ಮಾಂಸ ಇಡುವುದಕ್ಕೆ ಒಂದು ಗಂಟೆ ಮೊದಲೇ ಬೆಂಕಿ ಹೊತ್ತಿಸುತ್ತೇನೆ. ಇದ್ದಿಲಿನಿಂದ ಆರಂಭಿಸಿ, ಅದು ನಿಗಿನಿಗಿ ಕೆಂಡವಾದ ಮೇಲೆ ಎರಡು ಸೀಳುಗಳನ್ನಿಟ್ಟು, ಅವು ಉರಿದು ಕೆಂಡದ ಹಾಸು ಗಟ್ಟಿಯಾಗುವವರೆಗೆ ಕಾಯುತ್ತೇನೆ. ಉಕ್ಕು ಕಾಯುವುದಕ್ಕೂ ಅಷ್ಟು ಹೊತ್ತು ಬೇಕು. ಮೈ ಕಾಯದ ಸ್ಮೋಕರ್‌ನಲ್ಲಿ ಉಷ್ಣಾಂಶ ನಿಲ್ಲುವುದಿಲ್ಲ.

ಮುಂದಿನದೆಲ್ಲ ಒಂದೊಂದೇ ಸೀಳಿನ ಕೆಲಸ. ಸಾಮಾನ್ಯವಾಗಿ ಮೂವತ್ತರಿಂದ ನಲವತ್ತೈದು ನಿಮಿಷಕ್ಕೊಮ್ಮೆ ಒಂದು, ಆದರೆ ನಾನು ಗಡಿಯಾರಕ್ಕಿಂತ ಕೆಂಡವನ್ನೇ ನೋಡುತ್ತೇನೆ. ಹಿಂದಿನ ಸೀಳು ತನ್ನ ಆಕಾರ ಕಳೆದುಕೊಂಡು ಬಿರುಕುಬಿಟ್ಟ ಕೆಂಡವಾಗಿರಬೇಕು, ಆದರೆ ಅದರ ಮೇಲೆ ಇನ್ನೂ ಸಣ್ಣ ನಾಲಗೆಗಳಂತೆ ಜ್ವಾಲೆ ಆಡುತ್ತಿರಬೇಕು. ಹೊಸ ಸೀಳಿಗೆ ಅದೇ ತಕ್ಕ ಗಳಿಗೆ. ಫೈರ್‌ಬಾಕ್ಸ್‌ನ ನೆತ್ತಿಯ ಮೇಲಿಟ್ಟು ಬರಿಗೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದ ಸೀಳನ್ನು ಕೆಂಡದ ಮೇಲೆ ತುಸು ಓರೆಯಾಗಿ, ಅಡಿಯಲ್ಲಿ ಗಾಳಿ ಹಾಯುವಂತೆ ಇಡುತ್ತೇನೆ. ಮೊದಲು ಅಂಚಿನ ನಾರುಗಳು ಕಪ್ಪಾಗುತ್ತವೆ, ತೊಗಟೆಯ ಸಂದಿನಿಂದ ಒಂದೆಳೆ ಬಿಳಿ ಹೊಗೆ ಏಳುತ್ತದೆ, ಅರೆ ನಿಮಿಷದೊಳಗೆ ಭಗ್ಗನೆ ಹೊತ್ತಿಕೊಂಡು ಹೊಗೆ ಮಾಯವಾಗುತ್ತದೆ. ತಣ್ಣನೆಯ ಸೀಳಾದರೆ ಇದೇ ಕೆಲಸಕ್ಕೆ ಐದಾರು ನಿಮಿಷ ಹಿಡಿದು, ಅಷ್ಟೂ ಹೊತ್ತು ಮಾಂಸಕ್ಕೆ ಬಿಳಿ ಹೊಗೆ ಬಡಿಯುತ್ತದೆ. ಹತ್ತು ಗಂಟೆಗಳಲ್ಲಿ ಹದಿನೈದು ಸೀಳು ಹಾಕುವವರು ಆ ನಿಮಿಷಗಳನ್ನು ಕೂಡಿ ನೋಡಲಿ. ಹೊತ್ತಿಕೊಂಡಿತೆಂದು ಖಾತ್ರಿಯಾಗುವವರೆಗೆ ಬಾಗಿಲು ಮುಚ್ಚುವುದಿಲ್ಲ. ತಡವಾಗಿ ಬಂದು ಕೆಂಡ ಸೊರಗಿದ್ದರೆ ದೊಡ್ಡ ಸೀಳು ಹೇರದೆ, ಎರಡು ಚಕ್ಕೆ ಹಾಕಿ ಜ್ವಾಲೆ ಎಬ್ಬಿಸಿಕೊಂಡು ಆಮೇಲೆ ಅದನ್ನಿಡುತ್ತೇನೆ.

ಮುಚ್ಚಳಕ್ಕೆ ಜೋಡಿಸಿದ ಥರ್ಮಾಮೀಟರನ್ನು ನಂಬಿ ನಾನು ಬಹಳ ಕಾಲ ಮೋಸಹೋದೆ. ಮಾಂಸ ಕೂರುವ ಜಾಲರಿಯ ಮಟ್ಟದಲ್ಲಿ ಪ್ರೋಬ್, ಅಂದರೆ ಶಾಖ ಅಳೆಯುವ ಕಡ್ಡಿ, ಇಟ್ಟು ನೋಡಿದ ದಿನ ಎರಡಕ್ಕೂ 25 ಡಿಗ್ರಿ ಅಂತರವಿತ್ತು. ಫೈರ್‌ಬಾಕ್ಸ್ ಕಡೆಯ ತುದಿಗೂ ಚಿಮಣಿ ಕಡೆಯ ತುದಿಗೂ ಹೆಚ್ಚುಕಡಿಮೆ ಅಷ್ಟೇ ಅಂತರ. ಈಗ ಎರಡು ಪ್ರೋಬ್‌ಗಳನ್ನು ಜಾಲರಿಗೆ ಸಿಕ್ಕಿಸುತ್ತೇನೆ, ಬಳಸುವ ಮೊದಲು ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತವೆಯೇ ಎಂದು ನೋಡುತ್ತೇನೆ. ಮಾಂಸದ ದಪ್ಪ ತುದಿಯನ್ನು ಬೆಂಕಿಯ ಕಡೆಗೆ ತಿರುಗಿಸಿ, ಅದಕ್ಕೂ ಬೆಂಕಿಗೂ ನಡುವೆ ನೀರಿನ ತಟ್ಟೆಯಿಟ್ಟರೆ ಆ ಮೂಲೆಯ ಉರಿಶಾಖ ತಗ್ಗುತ್ತದೆ.

ಸೌದೆಯ ಉರಿ ಏರಿಳಿಯುವುದು ಸಹಜ. 110ರಿಂದ 135 ಡಿಗ್ರಿಯ ನಡುವೆ ಜಾಲರಿಯ ಶಾಖ ಓಡಾಡಿದರೆ ನಾನು ಕುರ್ಚಿಯಿಂದ ಏಳುವುದಿಲ್ಲ. ಎರಡು ಡಿಗ್ರಿ ಇಳಿದಾಗಲೆಲ್ಲ ಬಾಗಿಲು ತೆರೆದು ಕೆಂಡ ಕೆದಕುವವರು ಬೆಂಕಿಯನ್ನು ತಾವೇ ಕೆಡಿಸುತ್ತಾರೆ. ಆದರೆ ಹೊಗೆಯ ಬಣ್ಣ ಬದಲಾದರೆ ತಕ್ಷಣ ಏಳುತ್ತೇನೆ. ಹಲವು ಗಂಟೆಗಳ ನಂತರ ಹಾಗಾದರೆ, ಬಹುತೇಕ ಸಲ ಬೂದಿ ತುಂಬಿ ಕೆಂಡದ ಅಡಿಯ ಗಾಳಿ ಕಟ್ಟಿರುತ್ತದೆ. ಕೊಕ್ಕೆಯಿಂದ ಬೂದಿಯನ್ನು ಮೆಲ್ಲಗೆ ಹೊರಗೆಳೆದರೆ ಎರಡೇ ನಿಮಿಷದಲ್ಲಿ ಹೊಗೆ ತಿಳಿಯಾಗುತ್ತದೆ. ಗಾಳಿ ನೇರವಾಗಿ ಕಿಂಡಿಗೆ ನುಗ್ಗುವ ದಿನ ಸ್ಮೋಕರ್‌ನ ದಿಕ್ಕನ್ನೇ ಬದಲಿಸುತ್ತೇನೆ.

ದೊಡ್ಡ ತುಂಡಿನ ಒಳಶಾಖ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಬಂದು ಗಂಟೆಗಟ್ಟಲೆ ನಿಂತುಬಿಡುವುದು ಬೆಂಕಿಯ ದೋಷವಲ್ಲ. ಮೇಲ್ಮೈಯಿಂದ ತೇವ ಆವಿಯಾಗುವಾಗ ಮಾಂಸ ತನ್ನನ್ನು ತಾನೇ ತಂಪಾಗಿಸಿಕೊಳ್ಳುತ್ತದೆ, ನಮ್ಮ ಮೈ ಬೆವರಿ ತಣಿಯುವಂತೆಯೇ. ಇದು ಗೊತ್ತಿಲ್ಲದೆ ಒಮ್ಮೆ ನಾನು ಉರಿ ಸಾಲದೆಂದು ಮೂರು ಸೀಳುಗಳನ್ನು ಒಟ್ಟಿಗೆ ಹಾಕಿದೆ. ಜಾಲರಿಯ ಶಾಖ 180 ದಾಟಿ, ಬೆಂಕಿಯ ಕಡೆಯ ಅಂಚು ಚರ್ಮದಂತೆ ಬಿರುಸಾಯಿತು. ಈಗ ಆ ಹಂತದಲ್ಲಿ ಮೇಲ್ಪದರದ ಬಣ್ಣ ಮನಸ್ಸಿಗೆ ಒಪ್ಪಿದ್ದರೆ ಮಾಂಸವನ್ನು ಕಾಗದದಲ್ಲಿ ಸುತ್ತುತ್ತೇನೆ, ಇಲ್ಲದಿದ್ದರೆ ಅದೇ ಲಯದಲ್ಲಿ ಒಂದೊಂದೇ ಸೀಳು ಹಾಕುತ್ತ ಕಾಯುತ್ತೇನೆ. ಸುತ್ತಿದ ಮೇಲೆ ಹೊಗೆ ಅಷ್ಟಾಗಿ ಒಳಗಿಳಿಯುವುದಿಲ್ಲವಾದ್ದರಿಂದ ಅಲ್ಲಿಂದಾಚೆಗೆ ಸೌದೆ ಬರಿಯ ಶಾಖಕ್ಕಷ್ಟೇ. ಒಳ್ಳೆಯ ಸೀಳುಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟು, ವಕ್ರವಾದವನ್ನೂ ಗಂಟುಗಂಟಾದವನ್ನೂ ಆಗ ಬೆಂಕಿಗೆ ಹಾಕಿ ಮುಗಿಸುತ್ತೇನೆ.