ಕಣ್ಣಿನಲ್ಲಿ ಹುಳ ಕಂಡರೆ ಏನು ಮಾಡಬೇಕು?

ಒಂದೇ ಕಣ್ಣು ಕೆಂಪಾಗಿ, ನವೆಯಾಗಿ, ಕಸ ಬಿದ್ದಂತೆ ಚುಚ್ಚುತ್ತಿದೆ, ತೊಳೆದರೂ ಹೋಗುತ್ತಿಲ್ಲ. ರೆಪ್ಪೆ ಬಿಡಿಸಿ ಕನ್ನಡಿ ನೋಡಿದರೆ ಬಿಳಿಭಾಗದ ಮೇಲಿನ ತೆಳುಪೊರೆಯಡಿ ಬಿಳಿ ದಾರದಂಥದ್ದು ಸುರುಳಿ ಸುತ್ತಿ ಮೆಲ್ಲಗೆ ಹೊರಳುತ್ತಿದೆ. ನಮ್ಮ ಕಡೆ ಇದು ಹೆಚ್ಚಾಗಿ ಡೈರೋಫೈಲೇರಿಯಾ ರೆಪೆನ್ಸ್ ಎಂಬ ಹುಳ. ಇದರ ನಿಜವಾದ ಮನೆ ನಾಯಿಯ ಚರ್ಮದ ಅಡಿ. ನಾಯಿಯ ರಕ್ತದ ಜೊತೆ ಇದರ ಮರಿಗಳನ್ನು ಹೀರಿದ ಸೊಳ್ಳೆ, ಸುಮಾರು ಎರಡು ವಾರ ಕಳೆದು ನಮ್ಮನ್ನು ಕಚ್ಚಿದಾಗ ಅವು ಮೈಸೇರುತ್ತವೆ. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಇಂಥ ಪ್ರಕರಣಗಳು ವರದಿಯಾಗಿವೆ. ತೋಟದ ಕಾವಲಿಗೆ ನಾಯಿ ಸಾಕುವ ಮೂಡಿಗೆರೆ, ಸಕಲೇಶಪುರದವರೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಕಣ್ಣು ಉಜ್ಜಬೇಡಿ. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ರಸ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಹುಳ ಇರುವುದು ಪೊರೆಯ ಕೆಳಗೆ, ತೊಳೆದರೆ ಬರುವುದಿಲ್ಲ. ಪಿನ್ನು, ಚಿಮಟದಿಂದ ಕೀಳಲು ಹೋದರೆ ಕಣ್ಣಿಗೇ ಅಪಾಯ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ಹೊಟ್ಟೆಯ ಹುಳಕ್ಕೆ, ಇದಕ್ಕಲ್ಲ.

ಮನೆಯವರಿಂದ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆಸಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹುಳ ಹಿಂದಕ್ಕೆ ಸರಿದು ಮರೆಯಾಗಬಹುದು, ಆಗ ವೈದ್ಯರಿಗೆ ತೋರಿಸಲು ಅದೇ ಆಧಾರ.

ಅಂದೇ ಹೊರಡಿ. ಹುಳ ಮೇಲೆ ಕಾಣುತ್ತಿರುವಾಗ ತೆಗೆಯುವುದು ಸುಲಭ, ಒಳಕ್ಕೆ ಹೋದರೆ ಕಷ್ಟ. ನೇತ್ರ ವಿಭಾಗವಿರುವ ಆಸ್ಪತ್ರೆಗೇ ಹೋಗಿ. ಹಾಸನದ ಸುತ್ತಲಿನವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್ ಇದೆ. ಮರಗಟ್ಟಿಸುವ ಹನಿ ಅಥವಾ ಸಣ್ಣ ಇಂಜೆಕ್ಷನ್ ಕೊಟ್ಟು, ಪೊರೆಯನ್ನು ಚೂರೇ ಕತ್ತರಿಸಿ, ಹುಳವನ್ನು ಇಡಿಯಾಗಿ ಎಳೆಯುತ್ತಾರೆ. ಕೆಲವೊಮ್ಮೆ ಹತ್ತು ಸೆಂಟಿಮೀಟರಿಗೂ ಉದ್ದವಿರುತ್ತದೆ! ಅದನ್ನು ಪ್ರಯೋಗಾಲಯಕ್ಕೆ ಕಳಿಸಲು ನೀವೇ ಕೇಳಿ. ಜಾತಿ ಖಚಿತವಾಗುವುದು ಅಲ್ಲೇ. ಸಾಮಾನ್ಯವಾಗಿ ಒಂದೇ ಹುಳ ಇರುವುದರಿಂದ ಅಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ. ಮಧ್ಯ ಅಥವಾ ಪಶ್ಚಿಮ ಆಫ್ರಿಕಾದಲ್ಲಿದ್ದು ಬಂದವರು ಮಾತ್ರ ಅದನ್ನು ಮರೆಯದೆ ಹೇಳಬೇಕು. ಅಲ್ಲಿ ಕಚ್ಚುವ ನೊಣದಿಂದ ಬರುವ ಲೋವಾ ಲೋವಾ ಬೇರೆ ಹುಳ, ಅದಕ್ಕೆ ರಕ್ತಪರೀಕ್ಷೆ ಬೇಕು.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಹಾಗಾಗಿ ರೋಗಿಯನ್ನು ದಯವಿಟ್ಟು ದೂರವಿಡಬೇಡಿ.

ಊರಿಗೆ ಮರಳಿದ ಮೇಲೆ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ದನಕ್ಕೆ ತಂದ ಐವರ್ಮೆಕ್ಟಿನ್ ಮಿಕ್ಕಿದೆಯೆಂದು ನೀವೇ ನಾಯಿಗೆ ಚುಚ್ಚಬೇಡಿ. ಕೆಲವು ತಳಿಗಳಿಗೆ ಅದು ವಿಷ. ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೇ ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಕಾಫಿ ಪಲ್ಪಿಂಗ್ ನೀರು ನಿಲ್ಲುವ ಗುಂಡಿಯ ಮೇಲೂ ಕಣ್ಣಿಡಿ. ಸಂಜೆ ಕೆಲಸ ಮಾಡುವವರು ತುಂಬು ತೋಳಿನ ಅಂಗಿ ತೊಡಿ, ರಾತ್ರಿ ಸೊಳ್ಳೆಪರದೆ ಕಟ್ಟಿಕೊಳ್ಳಿ.