ಸ್ಪರ್ಧಾ ರೈಫಲ್‌ಗೆ ಗುಂಡಿನ ತೂಕ ಆರಿಸುವ ಕ್ರಮ

ಗುರಿಸ್ಪರ್ಧೆಗೆ ಹೊಸದಾಗಿ ಇಳಿದವರು ಗುಂಡಿನ ಪೆಟ್ಟಿಗೆಯ ಮೇಲಿರುವ ಗ್ರೇನ್ ಅಂಕಿಯನ್ನು ನೋಡಿ ಗೊಂದಲಕ್ಕೆ ಬೀಳುವುದು ಸಹಜ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿರುವ 50 ಮೀಟರ್ ಸ್ಪರ್ಧೆಯ .22 ತೋಟಾದಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ, ಏಕೆಂದರೆ ಅಲ್ಲಿ 40 ಗ್ರೇನ್ ಗುಂಡೇ ರೂಢಿಯಾಗಿದ್ದು, ಯಾವ ತಯಾರಿಕಾ ಲಾಟ್ ತನ್ನ ರೈಫಲ್‌ಗೆ ಹೊಂದುತ್ತದೆ ಎಂಬುದನ್ನಷ್ಟೇ ಆಟಗಾರ ನೋಡುತ್ತಾನೆ. ಆದರೆ .223 ರೆಮಿಂಗ್ಟನ್ ಅಥವಾ .308 ವಿಂಚೆಸ್ಟರ್ ರೈಫಲ್ (ಈ ಅಂಕಿ ಗುಂಡಿನ ವ್ಯಾಸವನ್ನು ಸುಮಾರಾಗಿ ಅಂಗುಲದಲ್ಲಿ ಹೇಳುತ್ತದೆ) ಹಿಡಿದು ಅಮೆರಿಕದ ಕ್ಯಾಂಪ್ ಪೆರಿಯಲ್ಲೋ ಇಂಗ್ಲೆಂಡಿನ ಬಿಸ್ಲಿಯಲ್ಲೋ 200 ಗಜದಿಂದ 1000 ಗಜದವರೆಗೆ ಗುರಿಯಿಡುವವರಿಗೆ ತೂಕದ ಆಯ್ಕೆ ಅಂಕಗಳನ್ನೇ ನಿರ್ಧರಿಸಬಲ್ಲದು.

ಗುಂಡಿನ ಪಟ್ಟಿಯನ್ನು ತೆರೆಯುವ ಮೊದಲು ಸ್ಪರ್ಧೆಯ ನಿಯಮಾವಳಿಯನ್ನು ತೆರೆಯಿರಿ. 800, 900 ಮತ್ತು 1000 ಗಜಗಳ ಪಾಲ್ಮಾ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದಂತೆ .308 ಗುಂಡು 156 ಗ್ರೇನ್‌ಗಿಂತ ಕಡಿಮೆ ಇರಲೇಬೇಕು. ಆ ಆಟಗಾರರೆಲ್ಲ 155 ಗ್ರೇನ್ ಗುಂಡುಗಳನ್ನೇ ಬಳಸುವುದಕ್ಕೆ ಇದೇ ಕಾರಣ. ರೈಫಲ್‌ಗೆ ಎರಡು ಕಾಲಿನ ಆಸರೆ ಕೊಟ್ಟು ಮಲಗಿ ಗುರಿಯಿಡುವ ಎಫ್-ಟಿಆರ್ ವಿಭಾಗದಲ್ಲಿ ಇದೇ .308 ರೈಫಲ್‌ನಲ್ಲಿ 200 ಗ್ರೇನ್ ದಾಟಿದ ಗುಂಡನ್ನೂ ಹಾರಿಸಬಹುದು. ಕ್ಯಾಂಪ್ ಪೆರಿಯ ಸರ್ವಿಸ್ ರೈಫಲ್ (ಸೇನಾ ಮಾದರಿಯ ರೈಫಲ್) ಸ್ಪರ್ಧೆಯಲ್ಲಿ ಮಿತಿ ಬರುವುದು ಬೇರೆ ದಾರಿಯಿಂದ: 200 ಮತ್ತು 300 ಗಜಗಳ ವೇಗದ ಸುತ್ತಿನಲ್ಲಿ ತೋಟಾಗಳನ್ನು ಮ್ಯಾಗಜಿನ್‌ನಿಂದಲೇ ತುಂಬಬೇಕಾದ್ದರಿಂದ, .223ರಲ್ಲಿ 77 ಗ್ರೇನ್ ಆಸುಪಾಸಿನ ಗುಂಡಿಗಿಂತ ಉದ್ದವಾದದ್ದು ಅದರೊಳಗೆ ಹಿಡಿಯುವುದಿಲ್ಲ. 600 ಗಜದ ನಿಧಾನ ಸುತ್ತಿನಲ್ಲಿ ಒಂದೊಂದನ್ನೇ ಕೈಯಿಂದ ತುಂಬುವುದರಿಂದ ಅಲ್ಲಿ 80 ಗ್ರೇನ್ ಗುಂಡಿಗೆ ಅಡ್ಡಿಯಿಲ್ಲ.

ಎರಡನೆಯದು ನಳಿಗೆಯ ಟ್ವಿಸ್ಟ್. ನಳಿಗೆಯೊಳಗಿನ ಸುರುಳಿ ಗೆರೆಗಳು ಎಷ್ಟು ಅಂಗುಲಕ್ಕೆ ಒಂದು ಪೂರ್ತಿ ಸುತ್ತು ಹಾಕುತ್ತವೆ ಎಂಬ ಲೆಕ್ಕ ಇದು. ಸಾಕಷ್ಟು ವೇಗವಾಗಿ ತಿರುಗದ ಬುಗುರಿ ತೂಗಾಡಿ ಉರುಳುವಂತೆ, ಟ್ವಿಸ್ಟ್ ಸಾಲದ ನಳಿಗೆಯಿಂದ ಹೊರಟ ಉದ್ದನೆಯ ಗುಂಡು ಗಾಳಿಯಲ್ಲಿ ಅಡ್ಡಾಗುತ್ತದೆ. ಇಲ್ಲಿ ಬಹಳ ಮಂದಿ ಮರೆಯುವ ಸಂಗತಿಯೆಂದರೆ, ಟ್ವಿಸ್ಟ್‌ನ ಅಗತ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಗುಂಡಿನ ಉದ್ದ. ತೂಕ ಹೆಚ್ಚಿದಂತೆ ಉದ್ದವೂ ಹೆಚ್ಚುವುದರಿಂದ ತೂಕವನ್ನು ಅಂದಾಜಿಗೆ ಬಳಸುತ್ತೇವೆ, ಅಷ್ಟೆ. ಸೀಸವಿಲ್ಲದ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುವುದರಿಂದ ಆ ಅಂದಾಜು ಅಲ್ಲಿ ತಪ್ಪುತ್ತದೆ. 1879ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸರಳ ಸೂತ್ರ ಈಗಲೂ ಮೊದಲ ಅಂದಾಜಿಗೆ ಸಾಕು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. 0.308 ಅಂಗುಲ ವ್ಯಾಸ, 1.2 ಅಂಗುಲ ಉದ್ದದ ಗುಂಡಿಗೆ ಉತ್ತರ 11.9 ಬರುತ್ತದೆ, ಅಂದರೆ ಸುಮಾರು 12 ಅಂಗುಲಕ್ಕೊಂದು ಸುತ್ತಿನ ನಳಿಗೆ ಬೇಕು.

ನಿಮ್ಮ ನಳಿಗೆಯ ಟ್ವಿಸ್ಟ್ ಗೊತ್ತಿಲ್ಲದಿದ್ದರೆ, ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಹಿಡಿಕೆಯೊಳಗೆ ತಾನಾಗಿ ತಿರುಗುವ ಶುಚಿಮಾಡುವ ಸರಳಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ಸರಳಿನ ಮೇಲೆ ಹಾಕಿದ ಗುರುತು ಒಂದು ಸುತ್ತು ಮುಗಿಸಿ ಮತ್ತೆ ಮೇಲೆ ಬರುವಷ್ಟರಲ್ಲಿ ಸರಳು ಎಷ್ಟು ಅಂಗುಲ ಒಳಹೋಯಿತೆಂದು ಅಳೆಯಿರಿ. ಸಾಮಾನ್ಯವಾಗಿ .223ರಲ್ಲಿ 12 ಅಂಗುಲದ ಟ್ವಿಸ್ಟ್‌ಗೆ 55 ಗ್ರೇನ್‌ವರೆಗಿನ, 9 ಅಂಗುಲಕ್ಕೆ 69 ಗ್ರೇನ್‌ವರೆಗಿನ, 8 ಅಂಗುಲಕ್ಕೆ 80 ಗ್ರೇನ್‌ವರೆಗಿನ ಗುಂಡುಗಳು ಹೊಂದುತ್ತವೆ. ಗುರಿಹಾಳೆಯಲ್ಲಿ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಂಡರೆ ಆ ತೂಕವನ್ನು ಅಲ್ಲಿಗೇ ಕೈಬಿಡಿ.

ಇಷ್ಟಾದ ಮೇಲೂ ಎರಡು ಮೂರು ತೂಕಗಳು ಉಳಿದುಕೊಳ್ಳುತ್ತವೆ. ಅವುಗಳಲ್ಲಿ ಒಂದನ್ನು ಆರಿಸಲು ದೂರವನ್ನೂ ಗಾಳಿಯನ್ನೂ ಒಟ್ಟಿಗೆ ನೋಡಬೇಕು. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು, ಗಾಳಿಯ ತಡೆಯಿಂದಾಗಿ ಗುಂಡು ಗುರಿ ತಲುಪಲು ಎಷ್ಟು ತಡವಾಯಿತು ಎಂಬುದನ್ನು ಅವಲಂಬಿಸಿದೆ. ಆ ತಡ ಸೆಕೆಂಡಿನ 0.15 ಭಾಗವಾಗಿದ್ದು, ಗಂಟೆಗೆ 16 ಕಿ.ಮೀ. ವೇಗದ ಗಾಳಿ ನೇರ ಅಡ್ಡ ಬೀಸುತ್ತಿದ್ದರೆ ಗುಂಡು ಸುಮಾರು 67 ಸೆಂ.ಮೀ. ಸರಿಯುತ್ತದೆ. 600 ಗಜದ ಅಮೆರಿಕನ್ ಗುರಿಯ ಹತ್ತು ಅಂಕದ ವರ್ತುಲದ ವ್ಯಾಸವೇ 12 ಅಂಗುಲ, ಅಂದರೆ 30 ಸೆಂ.ಮೀ. ಮಾತ್ರ ಎಂಬುದನ್ನು ನೆನೆದರೆ ಲೆಕ್ಕ ಅರ್ಥವಾಗುತ್ತದೆ. ಒಂದೇ ವ್ಯಾಸದ, ಒಂದೇ ಬಗೆಯ ಆಕಾರದ ಗುಂಡುಗಳಲ್ಲಿ ಭಾರದ್ದು ವೇಗವನ್ನು ನಿಧಾನವಾಗಿ ಕಳೆದುಕೊಳ್ಳುವುದರಿಂದ, ನಳಿಗೆ ಬಿಡುವಾಗ ತುಸು ಹಿಂದಿದ್ದರೂ ದೂರದಲ್ಲಿ ಲಾಭ ಕೊಡುತ್ತದೆ. 200 ಗಜದಲ್ಲಿ ಈ ಲಾಭ ಅತ್ಯಲ್ಪ. ಅಲ್ಲಿ ಹಿನ್ನೊದೆತ ಕಡಿಮೆಯಿರುವ ಹಗುರ ಗುಂಡು ವೇಗದ ಸುತ್ತಿನಲ್ಲಿ ಭುಜಕ್ಕೂ ಗುರಿಗೂ ಹಿತ.

ತೂಕವೊಂದನ್ನೇ ನಂಬಬಾರದು ಎಂಬುದಕ್ಕೆ .308ರ ಹಳೆಯ ಹೆಸರುವಾಸಿ ಗುಂಡೇ ಸಾಕ್ಷಿ. 300 ಮೀಟರ್ ಸ್ಪರ್ಧೆಗೆಂದು ರೂಪಿಸಿದ ಸಿಯೆರಾ ಕಂಪನಿಯ 168 ಗ್ರೇನ್ ಮ್ಯಾಚ್‌ಕಿಂಗ್ 600 ಗಜದವರೆಗೆ ಇಂದಿಗೂ ಅಚ್ಚುಕಟ್ಟಾಗಿ ಬೀಳುತ್ತದೆ. ಆದರೆ 1000 ಗಜದ ಹತ್ತಿರ ಅದರ ವೇಗ ಶಬ್ದದ ವೇಗಕ್ಕೆ ಇಳಿಯುವಾಗ, ಹಿಂಬದಿಯ ಕಡಿದಾದ ಇಳಿಜಾರಿನಿಂದಾಗಿ ಅದು ತೂಗಾಡತೊಡಗುತ್ತದೆ. ಕೇವಲ 7 ಗ್ರೇನ್ ಹೆಚ್ಚು ತೂಗುವ 175 ಗ್ರೇನ್ ಗುಂಡು ಅದೇ ದೂರದಲ್ಲಿ ಸ್ಥಿರವಾಗಿರುತ್ತದೆ. ಅಲ್ಲಿ ತೂಕಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದರ ಹಿಂಬದಿಯ ಹದವಾದ ಇಳಿಜಾರು. ದೂರದ ಸ್ಪರ್ಧೆಗೆ ಗುಂಡು ಆರಿಸುವವರು ಗುರಿ ತಲುಪುವಾಗಲೂ ಅದು ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ, ಸಾಕಷ್ಟು ಮೇಲಿದೆಯೇ ಎಂದು ನೋಡಲೇಬೇಕು.

ತೋಟಾವನ್ನು ತಾವೇ ತುಂಬಿಕೊಳ್ಳುವ ಪರವಾನಗಿ ಇರುವವರು ಗುಂಡಿನ ತೂಕ ಬದಲಿಸಿದಾಗ ಸಿಡಿಮದ್ದಿನ ಹಳೆಯ ಅಳತೆಯನ್ನು ಹಾಗೆಯೇ ಉಳಿಸಿಕೊಳ್ಳಬಾರದು. ಭಾರದ ಗುಂಡು ಒಳಗಿನ ಒತ್ತಡವನ್ನು ಏರಿಸುತ್ತದೆ. ಮದ್ದಿನ ತಯಾರಕರ ಕೋಷ್ಟಕದಲ್ಲಿ ಆ ತೂಕಕ್ಕೆಂದೇ ಕೊಟ್ಟಿರುವ ಕನಿಷ್ಠ ಅಳತೆಯಿಂದ ಆರಂಭಿಸಬೇಕು.

ಕೊನೆಯ ತೀರ್ಪು ಗುರಿಹಾಳೆಯದು. ಉಳಿದ ಎರಡು ತೂಕಗಳನ್ನು 100 ಗಜದಲ್ಲಿ ಹತ್ತು ಹತ್ತು ಗುಂಡುಗಳ ಗುಂಪಾಗಿ ಹಾರಿಸಿ. ಮೂರು ಗುಂಡಿನ ಚಂದದ ಗುಂಪು ಬಹುಪಾಲು ಅದೃಷ್ಟದ್ದು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗದೆ, ಎರಡು ಹಾಳೆಗಳಿಗೆ ಸರದಿಯಂತೆ ಒಂದೊಂದೇ ಹಾರಿಸಿದರೆ ನಳಿಗೆಯ ಬಿಸಿಯೂ ತೋಳಿನ ದಣಿವೂ ಎರಡಕ್ಕೂ ಸಮನಾಗಿ ಹಂಚಿಹೋಗುತ್ತವೆ. ಅನಂತರ ಸ್ಪರ್ಧೆಯ ನಿಜವಾದ ದೂರದಲ್ಲಿ ಪುನಃ ಹಾರಿಸಿ, ಗುಂಪಿನ ಅಗಲಕ್ಕಿಂತ ಎತ್ತರವನ್ನು ಗಮನಿಸಿ: ಅಗಲ ಹೆಚ್ಚಾಗಿ ಗಾಳಿಯನ್ನು ಓದುವ ನಿಮ್ಮ ಕಣ್ಣಿಗೆ ಸೇರಿದ್ದು, ಎತ್ತರ ತೋಟಾದ ವೇಗದ ಏರುಪೇರನ್ನು ತೋರಿಸುತ್ತದೆ. ಹತ್ತಿರದ ಸುತ್ತಿಗೊಂದು, 600 ಗಜಕ್ಕೊಂದು ಎಂದು ಎರಡು ತೂಕಗಳನ್ನು ಇಟ್ಟುಕೊಳ್ಳುವುದಾದರೆ, ಪ್ರತಿಯೊಂದಕ್ಕೂ ಸೈಟ್‌ನ (ರೈಫಲ್ ಮೇಲಿನ ಗುರಿನೋಟದ ಸಾಧನದ) ಹೊಂದಿಕೆಯನ್ನು ಬೇರೆಬೇರೆಯಾಗಿ ಪುಸ್ತಕದಲ್ಲಿ ಬರೆದಿಡಬೇಕು.